ಭವ್ಯಶ್ರೀಯ ಹತ್ತು ಎಸೆತಗಳು

ತಪ್ಪು ನನ್ನದೇ. ಮನೆಯಲ್ಲಿರುವುದು ಒಂದೇ ಸ್ಮಾರ್ಟ್‌ಫೋನು, ಅದರಲ್ಲಿ ಅಣ್ಣನ ಮಗಳು ಭವ್ಯಶ್ರೀಯ ಇನ್‌ಸ್ಟಾಗ್ರಾಂ. ಯಾರಾದರೂ ಏನಾದರೂ ಬರೆದರೆ ಹಾರ್ಟ್ ಒತ್ತಬೇಕು, ಅದೇ ಮರ್ಯಾದೆ ಎಂದು ಅತ್ತಿಗೆ ಮುನಿಲಕ್ಷ್ಮಿಗೆ ಹೇಳಿಕೊಟ್ಟವನು ನಾನು.

ಭಾನುವಾರ ಧರ್ಮಪುರಿಯ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಭವ್ಯ ಕೊನೆಯ ಎರಡು ಫ್ರೀ ಥ್ರೋ ತಪ್ಪಿಸಿದಳು. ತಂಡ ಒಂದು ಅಂಕದಿಂದ ಸೋತಿತು. ಅಭಿಮಾನಿಗಳ ಪುಟವೊಂದು ಆ ವೀಡಿಯೊ ಹಾಕಿತು. ಕೆಳಗೆಲ್ಲ ತಮಿಳಿನಲ್ಲಿ ಬೈಗುಳ. ಸೇಲಂ ಸೀಮೆಯ ಕನ್ನಡದವರಾದ ಅತ್ತಿಗೆಗೆ ತಮಿಳು ಮಾತಾಡಲು ಬರುತ್ತದೆ, ಓದಲು ಬಾರದು. ಮಗಳ ಬಗ್ಗೆ ಇಷ್ಟೊಂದು ಜನ ಬರೆದಿದ್ದಾರಲ್ಲ ಎಂಬ ಸಂತೋಷಕ್ಕೆ, ಸೋಮವಾರ ಬೆಳಿಗ್ಗೆ ಕುರಿ ಮೇಯಿಸುತ್ತ ಒಂದೊಂದಕ್ಕೂ ಹಾರ್ಟ್ ಒತ್ತಿದ್ದರು.

ಮಧ್ಯಾಹ್ನದೊಳಗೆ ಪುಟದವರು ಭವ್ಯಳ ಹೆಸರಲ್ಲಿ ಬಿದ್ದ ಆ ಹಾರ್ಟ್‌ಗಳ ಚಿತ್ರವನ್ನೂ ಹಾಕಿದರು. ಬೈಗುಳವನ್ನೆಲ್ಲ ಅವಳೇ ಒಪ್ಪಿಕೊಂಡಿದ್ದಾಳೆ, ನೋಡಿ ಎಂದು.

ಭವ್ಯ ಶೂಗಳನ್ನು ಅಟ್ಟಕ್ಕೆಸೆದು ಒಳಗೆ ಹೋಗಿ ಅಳುತ್ತ ಕೂತಳು. "ನಾಳೆ ಸೆಲೆಕ್ಷನ್‌ಗೆ ನಾನು ಓಗಲ್ಲ."

ಹದಿನೆಂಟರೊಳಗಿನವರ ರಾಜ್ಯ ತಂಡಕ್ಕೆ ಅವಳಿಗದು ಕೊನೆಯ ಅವಕಾಶ.

ನಾನು ಅತ್ತಿಗೆಗೆ ಎಲ್ಲ ಹೇಳಿದೆ. ಅವರು ಫೋನನ್ನು ನನ್ನ ಮುಂದಿಟ್ಟರು.

"ಏನ್ ಬರ್ದವ್ರೆ? ಓದಪ್ಪ."

"ಬ್ಯಾಡ ಅತ್ತಿಗೆ."

"ಒತ್ತಿದೋಳು ನಾನು, ಕೇಳ್ಬೇಕಾದೋಳೂ ನಾನೇ. ಓದು."

ಓದಿದೆ. ಕುರಿ ಮೇಯಿಸಲು ಹೋಗು ಎಂದು ಹದಿನಾರು ಜನ ಬರೆದಿದ್ದರು.

"ಸ್ಕೂಲ್ ಲೀವಲ್ಲಿ ಮೇಯಿಸ್ತಾಳಲ್ಲ, ಅದ್ರಾಗೆ ಬೈಗುಳ ಏನೈತೆ? ಮುಂದಕ್ಕೋಗು."

'ಎಸೆಯುವಾಗ ಮಂಡಿ ಬಗ್ಗಿಸುವುದಿಲ್ಲ' ಎಂದು ಒಬ್ಬ ಬರೆದಿದ್ದ. ಅತ್ತಿಗೆ ಕೈಯೆತ್ತಿ ನನ್ನನ್ನು ನಿಲ್ಲಿಸಿದರು.

"ಏ ಭವ್ಯಾ! ಇದು ನಿಜಾನಾ?"

ಒಳಗಿನಿಂದ ಉತ್ತರ ಬಂತು. "ನಿಜ. ಸುಸ್ತಾದ್ರೆ ಬಗ್ಗಲ್ಲ. ಕೋಚೂ ಅದೇ ಯೋಳ್ತಾರೆ."

"ಸರಿ, ಇವ್ನೊಬ್ಬ ಆಟ ನೋಡವ್ನೆ. ಮಿಕ್ಕೋರು ಬಾಯಿ ಬಡ್ಕೊಳ್ಳೋರು. ಏಳು ಮೇಲೆ."

"ಎಲ್ರೂ ಫೋನ್ ಇಡ್ಕೊಂಡು ನಿಂತಿರ್ತಾರಮ್ಮಾ."

"ನಿಂತ್ಕೊಳ್ಲಿ ಬಿಡು. ಕಾಲು ಅವರ್ದಾ, ನಿಂದಾ?"

ಆ ಸಂಜೆ ಕಡಯಂಪಟ್ಟಿ ಶಾಲೆಯ ಮೈದಾನದಲ್ಲಿ ಅತ್ತಿಗೆ ಅವಳನ್ನು ಮೊದಲು ಹತ್ತು ಸುತ್ತು ಓಡಿಸಿದರು. ತಪ್ಪುವುದು ಸುಸ್ತಾದ ಮೇಲೆ ತಾನೇ? ಆಮೇಲೆ ರಿಂಗಿನ ಕೆಳಗೆ ನಿಂತು ಬಾಲ್ ಹಿಂದಕ್ಕೆಸೆಯುತ್ತ, ಕಾಲು ನೆಟ್ಟಗಾದಾಗಲೆಲ್ಲ ಮಂದೆಗೆ ಕೂಗುವ ದನಿಯಲ್ಲಿ "ಮಂಡೀ!" ಎಂದರು. ಅತ್ತಿದ್ದ ಹುಡುಗಿ ನಕ್ಕುಬಿಟ್ಟಳು. ರಿಂಗು ಕಾಣದಷ್ಟು ಕತ್ತಲಾಗುವವರೆಗೂ ಎಸೆದಳು.

ಮರುದಿನ ಸೇಲಂನ ಸೆಲೆಕ್ಷನ್‌ನಲ್ಲಿ ಮೊದಲು ಓಟ, ಆಮೇಲೆ ಹತ್ತು ಫ್ರೀ ಥ್ರೋ. ಗ್ಯಾಲರಿಯಲ್ಲಿ ನಾಲ್ಕೈದು ಹುಡುಗರು ಫೋನ್ ಎತ್ತಿ ಹಿಡಿದರು. "ಆಡು ಮೇಯ್ಕ ಪೋ!" ಎಂದು ಒಬ್ಬ ಅದೇ ಕುರಿ ಮೇಯಿಸುವ ಬೈಗುಳವನ್ನು ಕೂಗಿದ. ಅವಳನ್ನು ಕರೆತಂದು ತಪ್ಪು ಮಾಡಿದೆವೇನೋ ಎನಿಸಿತು.

ಭವ್ಯಳ ಮಂಡಿ ಬಗ್ಗಿತು. ಮೊದಲನೆಯದು ಒಳಗೆ ಬಿತ್ತು. ಎರಡನೆಯದು ರಿಂಗಿಗೆ ಬಡಿದು ಹೊರಗೆ ಹಾರಿತು. ಗ್ಯಾಲರಿ ನಕ್ಕಿತು. ನಾನು ತಲೆ ತಗ್ಗಿಸಿದೆ.

"ಇನ್ನೂ ಎಂಟೈತೆ, ನೋಡು," ಎಂದು ಅತ್ತಿಗೆ ನನ್ನ ಭುಜ ತಿವಿದರು.

ತಲೆ ಎತ್ತಿದಾಗ ಭವ್ಯ ಆಗಲೇ ಬಾಲ್‌ಗೆ ಕೈ ಚಾಚಿದ್ದಳು.