ಕೈಯಲ್ಲಿ ಒಂದು

ಟೈಲರಮ್ಮನ ಕಣ್ಣಿಗೆ ಹತ್ತಿರದ್ದು ಮಂಜಾಗಿ ವರ್ಷವಾಯಿತು. ಕೈಸೂಜಿಗೆ ದಾರ ಪೋಣಿಸಿಕೊಡುವುದು ಎರಡನೇ ಕ್ಲಾಸಿನ ಮಗಳ ಕೆಲಸ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಪೋಣಿಸುವ ಹುಡುಗಿ ಇವತ್ತು ಶಾಲೆಯಿಂದ ಬಂದವಳು ಎಡಗೈ ಮುಷ್ಟಿ ಬಿಚ್ಚದೆ, ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿ, ಬಲಗೈ ಒಂದರಲ್ಲೇ ಒದ್ದಾಡುತ್ತಿದ್ದಳು. ದಾರ ನಾಲ್ಕು ಸಲ ಜಾರಿತು.

"ಏನೇ ಅದು ಕೈಯಲ್ಲಿ? ಬಿಚ್ಚು."

"ಬೇಡಮ್ಮ, ಒಂದು ಇದೆ."

"ಒಂದು ಏನು?"

"ಲೆಕ್ಕದ್ದು. ಎಂಟಕ್ಕೆ ಐದು ಕೂಡಿದ್ರೆ ಹದಿಮೂರು. ಮೂರು ಕೆಳಗೆ, ಒಂದು ಕೈಯಲ್ಲಿ. ಅಷ್ಟರಲ್ಲಿ ಬೆಲ್ ಆಯ್ತು. ಮನೇಲಿ ಮುಗಿಸು ಅಂದ್ರು ಮಿಸ್."

ಟೈಲರಮ್ಮನಿಗೆ ಮೊದಲು ನಗು ಬಂತು. ಹುಡುಗಿಯ ಬೆರಳ ಗೆಣ್ಣುಗಳು ಬಿಳುಪೇರಿದ್ದು ಕಂಡದ್ದೇ ಮೈಯೆಲ್ಲ ಉರಿದುಹೋಯಿತು. ಹಾಲುಹಲ್ಲು ಬಿದ್ದು ಮುಗಿಯದ ಮಕ್ಕಳನ್ನು ಹೀಗೆ ಹೆದರಿಸುವುದಾ? ನಾಳೆ ಶಾಲೆಗೆ ಹೋಗಿ ಆ ಮಿಸ್‌ನ ನೀರಿಳಿಸದಿದ್ದರೆ ಕೇಳಿ!

"ದಾರಿಯುದ್ದಕ್ಕೂ ಹೀಗೇ ಹಿಡ್ಕೊಂಡು ಬಂದ್ಯಾ?"

"ಹ್ಞೂಂ. ಬ್ಯಾಗೂ ಒಂದೇ ಕೈಲಿ ತಂದೆ."

"ಬಿದ್ರೆ ಮಿಸ್ ಹೊಡೀತಾರಾ?"

"ಇಲ್ಲಪ್ಪ. ಮಿಸ್ ಹೊಡೆಯಲ್ಲ."

ಮತ್ತೆ ಯಾರ ಭಯ ಎಂದು ಟೈಲರಮ್ಮ ಕೇಳಲಿಲ್ಲ. 'ಕೈಯಲ್ಲಿದ್ದ ಒಂದನ್ನ ಎಲ್ಲಿ ಕಳ್ಕೊಂಡ್ಯೇ?' ಎಂದು ನಿನ್ನೆ ಇದೇ ಮೆಷಿನ್ನಿನ ಪಕ್ಕ ಮನೆ ಸೂರು ಹಾರಿಹೋಗುವಂತೆ ಕಿರುಚಿದ ದನಿ ಯಾರದೆಂದು ಅವಳಿಗೆ ಗೊತ್ತಿತ್ತು.

"ಇಲ್ಲಿ ಕೊಡು ಪುಟ್ಟಿ, ನಾನು ಹಿಡ್ಕೊಂಡಿರ್ತೀನಿ," ಎಂದು ಮೆಲ್ಲಗೆ ಕೈ ಚಾಚಿದಳು.

ಹುಡುಗಿ ತಟ್ಟನೆ ಕೆನ್ನೆ ಮುಚ್ಚಿಕೊಂಡಳು. ಆಗಲೂ ಮುಷ್ಟಿ ಬಿಚ್ಚಲಿಲ್ಲ.