ಬೆಳಗಿನ ಐದು ಹತ್ತರ ಹಸಿರು

ಆ ಮೇಲ್ ಬಂದಾಗ ನನಗೆ ಮೊದಲು ಆದದ್ದು ಹೆಮ್ಮೆ. ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಗುರುವಾರ ಬೆಳಿಗ್ಗೆ ಹತ್ತೂವರೆ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಒಂದು ಗಾಜಿನ ಅಂಚು ಸವೆಸುತ್ತಿದ್ದೆ. ಫೋನು ಗುಂಯ್ ಅಂದಿತು. ನನ್ನದೊಂದು ವೆಬ್ ಪುಟವನ್ನು ಪುಕ್ಕಟೆಯಾಗಿ ಇಟ್ಟುಕೊಂಡಿರುವ ಕಂಪನಿಯವರು ಬರೆದಿದ್ದರು: ಮೂವತ್ತು ದಿನಗಳಲ್ಲಿ ನಿಮ್ಮ ಪುಟಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಭೇಟಿಗಳಾಗಿವೆ, ಉಚಿತ ಮಿತಿ ಮುಗಿಯುತ್ತಾ ಬಂದಿದೆ.

ನಾಲ್ಕು ಸಾವಿರ! ಬಿಡುವಿನಲ್ಲಿ ಕೂತು ನಾನು ಇದುವರೆಗೆ ಹತ್ತಾರು ಪುಟ ಮಾಡಿದ್ದೇನೆ. ಯಾವುದನ್ನೂ ನಲವತ್ತು ಜನ ತಿರುಗಿ ನೋಡಿದ್ದಿಲ್ಲ. ನನ್ನ ಈ ಹವ್ಯಾಸವನ್ನು ಗೀಳು ಅನ್ನುವ ಯಜಮಾನರಿಗೆ ತೋರಿಸೋಣ ಅಂತ ಎದ್ದೇಬಿಟ್ಟೆ. ಬಾಗಿಲ ತನಕ ಹೋದವನು ಅಲ್ಲೇ ನಿಂತೆ. ಆ ಪುಟದ ವಿಳಾಸ ಗೊತ್ತಿದ್ದುದು ನನ್ನನ್ನು ಬಿಟ್ಟರೆ ಒಬ್ಬಳಿಗೇ, ನನ್ನ ಅಕ್ಕನಿಗೆ. ಅವಳು ಅದನ್ನು ತೆರೆಯಬೇಕಾದ್ದು ದಿನಕ್ಕೆ ಒಂದು ಸಲ. ತಿಂಗಳಿಗೆ ಮೂವತ್ತಾಗಬೇಕಿತ್ತು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದು ಬಟ್ಟೆ ತಿದ್ದುವ ಕೆಲಸ ಮಾಡುತ್ತಾಳೆ. ಶುಕ್ರವಾರ ಅಂಗಡಿಯವನು ಬಟ್ಟೆಯ ಗಂಟು ತಂದು ಹಾಕುತ್ತಾನೆ, ಮುಂದಿನ ಶುಕ್ರವಾರ ಬಂದು ಒಯ್ಯುತ್ತಾನೆ. ನಡುವೆ ಕೆಲಸದ ಮೇಲೆ ಅವಳ ಬಾಗಿಲಿಗೆ ಬರುವವರು ಯಾರೂ ಇಲ್ಲ. ಅವಳಿಗೆ ಚಿಕ್ಕಂದಿನಿಂದಲೂ ಫಿಟ್ಸ್. ಮಾತ್ರೆ ನುಂಗುತ್ತಿದ್ದರೂ ವರ್ಷಕ್ಕೆ ಎರಡೋ ಮೂರೋ ಸಲ ಬಂದೇ ಬರುತ್ತದೆ, ಅದೂ ಬೆಳಗಿನ ಹೊತ್ತು. ನಾನೂ ಅಮ್ಮನೂ ಊರಿನ ಇನ್ನೊಂದು ಕೊನೆಯಲ್ಲಿದ್ದೇವೆ. ಅಮ್ಮ ಏಳಕ್ಕೆ ಒಂದು ಸಲ, ಏಳೂವರೆಗೆ ಒಂದು ಸಲ, ಎಂಟಕ್ಕೆ ಒಂದು ಸಲ ಫೋನು ಮಾಡುತ್ತಿದ್ದಳು. ಒಂದು ದಿನ ಅಕ್ಕನ ತಾಳ್ಮೆ ಕೆಟ್ಟಿತು.

"ನಾನೇನು ಒಲೆ ಮೇಲಿಟ್ಟ ಹಾಲಾ? ನಿಮಿಷ ನಿಮಿಷಕ್ಕೂ ಇಣುಕಿ ನೋಡ್ತೀರಲ್ಲ!"

ಇಬ್ಬರ ಜಗಳದ ನಡುವೆ ಜಾಣ ಅನ್ನಿಸಿಕೊಳ್ಳುವ ಚಪಲ ನನಗೆ. ಎರಡು ಭಾನುವಾರ ಕೂತು ಒಂದು ಪುಟ ಮಾಡಿದೆ. ಅಕ್ಕ ಎದ್ದ ಮೇಲೆ ಫೋನಿನಲ್ಲಿ ಅದನ್ನು ತೆರೆದರೆ ಸಾಕು, ಏನೂ ಬರೆಯಬೇಕಿಲ್ಲ, ಏನನ್ನೂ ಒತ್ತಬೇಕಿಲ್ಲ. ತೆರೆದ ಕೂಡಲೇ ನಾನೂ ಅಮ್ಮನೂ ನೋಡುವ ಬೇರೊಂದು ಪುಟದಲ್ಲಿ ಬೂದು ಬಣ್ಣದ ವೃತ್ತ ಹಸಿರಾಗುತ್ತದೆ. ಒಂಬತ್ತರ ತನಕ ತೆರೆಯದಿದ್ದರೆ ನಮ್ಮಿಬ್ಬರಿಗೂ ಸಂದೇಶ ಬರುತ್ತದೆ. ಬೆಳಗಿನ ಜಾವ ಐದಕ್ಕೆ ವೃತ್ತ ಮತ್ತೆ ಬೂದಾಗಿ ಹೊಸ ದಿನ ಶುರು. ಮೊದಮೊದಲು ಅವಳು ತೆರೆದ ಸಮಯವನ್ನೂ ತೋರಿಸುತ್ತಿದ್ದೆ. "ನಾನೆಷ್ಟು ಹೊತ್ತಿಗೆ ಎದ್ದೆ ಅಂತ ನಿಮಗ್ಯಾಕೆ? ಇದೇನು ಹಾಜರಿ ಪುಸ್ತಕನಾ?" ಅಂದಳು. ತೆಗೆದು ಹಾಕಿದೆ.

ಎರಡನೇ ವಾರ ಅಕ್ಕ ಪುಟ ತೆರೆಯುವುದನ್ನು ಮರೆತಳು. ಒಂಬತ್ತಕ್ಕೆ ಸರಿಯಾಗಿ ಸಂದೇಶ ಬಂತು. ನಾವು ಬಿದ್ದೆವೋ ಎದ್ದೆವೋ ಅಂತ ಓಡಿಹೋದರೆ ಮಹಾರಾಯಿತಿ ಹಲ್ಲುಜ್ಜುತ್ತಾ ಬಾಗಿಲು ತೆಗೆದಳು. ಮೂವರೂ ನಕ್ಕೆವು. ಆವತ್ತು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗಿತ್ತು. ಅಕ್ಕನ ಎದುರು ಮನೆಯಲ್ಲಿ ಒಬ್ಬರು ಟೀಚರ್ ಇದ್ದಾರೆ. ಬೆಳಿಗ್ಗೆ ಎಂಟಕ್ಕೆ ಶಾಲೆಗೆ ಹೊರಡುವಾಗ ಅಕ್ಕನ ಬಾಗಿಲು ತಟ್ಟಿ, ಅವಳ ದನಿ ಕೇಳಿಯೇ ಮೆಟ್ಟಿಲಿಳಿಯುವುದು ಅವರ ರೂಢಿ. ವರ್ಷಗಳಿಂದ ತಪ್ಪದೆ ಮಾಡುತ್ತಿದ್ದರು. ಮೆಟ್ಟಿಲಲ್ಲಿ ಸಿಕ್ಕ ಅವರಿಗೆ ನಾನೇ ಹೇಳಿದೆ.

"ಇನ್ಮೇಲೆ ನೀವು ತೊಂದರೆ ತಗೋಬೇಡಿ ಮೇಡಂ. ಅದಕ್ಕೊಂದು ವ್ಯವಸ್ಥೆ ಮಾಡಿದೀನಿ."

"ತೊಂದರೆ ಏನಿಲ್ಲಪ್ಪ, ದಾರಿಲೇ ಇರೋ ಬಾಗಿಲು," ಅಂದರು ಅವರು. ಆದರೂ ಮರುದಿನದಿಂದ ತಟ್ಟುವುದನ್ನು ನಿಲ್ಲಿಸಿದರು.

ಆಮೇಲೆ ಅಕ್ಕನ ಹೊಸ ತಕರಾರು ಶುರುವಾಯಿತು: ಪುಟ ತೆರೆಯುವುದಕ್ಕೆ ಒಂದು ನಿಮಿಷ ಹಿಡಿಯುತ್ತದೆ, ನಿನ್ನ ಪುಟ ನನಗಿಂತ ಸೋಮಾರಿ. ಅವಳ ಮಾತು ನಿಜವೇ. ಪುಕ್ಕಟೆ ಕೊಡುವ ಕಂಪನಿಗಳು ಕಾಲು ಗಂಟೆ ಯಾರೂ ಬರದಿದ್ದರೆ ಪುಟವನ್ನು ಮಲಗಿಸಿಬಿಡುತ್ತವೆ, ಮುಂದೆ ಬಂದವರು ಅದು ಏಳುವ ತನಕ ಕಾಯಬೇಕು. ಇದಕ್ಕೆ ನನ್ನಂಥ ಹವ್ಯಾಸಿಗಳೆಲ್ಲ ಮಾಡುವ ಉಪಾಯ ಒಂದಿದೆ. ಎಬ್ಬಿಸುವ ಕೆಲಸವನ್ನೇ ಮಾಡುವ ಇನ್ನೊಂದು ಪುಕ್ಕಟೆ ಸೇವೆ ಇರುತ್ತದೆ. ಅದಕ್ಕೆ ನಮ್ಮ ಪುಟದ ವಿಳಾಸ ಕೊಟ್ಟರೆ ಹತ್ತು ಹತ್ತು ನಿಮಿಷಕ್ಕೆ ಬಂದು ಪುಟವನ್ನು ತೆರೆದು ಹೋಗುತ್ತದೆ, ಪುಟ ಮಲಗುವುದೇ ಇಲ್ಲ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ, ಒಂದು ಕೈಯಲ್ಲಿ ಚಮಚ ಹಿಡಿದುಕೊಂಡೇ, ಅಕ್ಕನ ಪುಟದ ವಿಳಾಸವನ್ನು ಅದಕ್ಕೆ ಕೊಟ್ಟೆ. ಅದಾಗಿ ಸರಿಯಾಗಿ ಒಂದು ತಿಂಗಳು.

ಕೋಣೆಗೆ ವಾಪಸು ಬಂದು, ಭೇಟಿಗಳ ಪಟ್ಟಿಯನ್ನು ಫೋನಿನಲ್ಲಿ ತೆರೆದೆ. ಐದು ಗಂಟೆ. ಐದು ಹತ್ತು. ಐದು ಇಪ್ಪತ್ತು. ಐದು ಮೂವತ್ತು. ಹಗಲು ರಾತ್ರಿ ಒಂದೇ ಸಮನೆ, ಅಳತೆಪಟ್ಟಿಯ ಗೆರೆಗಳ ಹಾಗೆ. ನನ್ನ ಪುಟಕ್ಕೆ ಯಾರು ಬಂದರು ಅನ್ನುವ ವಿವೇಚನೆ ಇರಲಿಲ್ಲ, ನಾನು ಕಲಿಸಿರಲಿಲ್ಲ. ಬಂದವರೆಲ್ಲ ಅದಕ್ಕೆ ಅಕ್ಕನೇ. ಐದಕ್ಕೆ ಬೂದಾದ ವೃತ್ತ ಐದು ಹತ್ತಕ್ಕೆ ಹಸಿರಾಗುತ್ತಿತ್ತು. ಒಂದು ತಿಂಗಳಿಂದ ದಿನಾ ಬೆಳಿಗ್ಗೆ, ಅಕ್ಕ ಎದ್ದಿರಲಿ ಬಿಡಲಿ.

ಅಮ್ಮ ಹೇಳಿದ್ದಳಲ್ಲ! ಹದಿನೈದು ದಿನದ ಹಿಂದೆ ತಿಂಡಿ ತಿನ್ನುವಾಗ, "ನಿಮ್ಮಕ್ಕ ಈಗೀಗ ಬೇಗ ಏಳ್ತಾಳೆ ಕಣೋ. ನಾನು ಐದೂಕಾಲಿಗೆ ನೋಡಿದ್ರೂ ಹಸಿರು ಇರುತ್ತೆ. ಎಷ್ಟು ಸಮಾಧಾನ ಗೊತ್ತಾ?" ಅಂದಿದ್ದಳು. ರಾತ್ರಿ ಮಾತ್ರೆ ನುಂಗಿ ಮಲಗುವ ಅಕ್ಕ ಜನ್ಮದಲ್ಲಿ ಏಳಕ್ಕೆ ಮೊದಲು ಎದ್ದವಳಲ್ಲ. ಅದು ನನಗೂ ಗೊತ್ತು, ಹೆತ್ತವಳಿಗೂ ಗೊತ್ತು. ಆದರೂ ಇಬ್ಬರೂ ಹಸಿರನ್ನೇ ನಂಬಿದೆವು. ಹಸಿರು ಇದೆ ಅಂತ ಅಮ್ಮ ಫೋನು ಮಾಡುವುದನ್ನೂ ಬಿಟ್ಟಿದ್ದಳು.

ಪಟ್ಟಿಯಲ್ಲಿ ಎಬ್ಬಿಸುವ ಸೇವೆಯ ಭೇಟಿಗಳನ್ನೆಲ್ಲ ಜರಡಿ ಹಿಡಿದು ತೆಗೆದೆ. ನಾಲ್ಕು ಸಾವಿರ ಸಾಲು ಹೋಗಿ ಇಪ್ಪತ್ತಾರು ಸಾಲು ಉಳಿಯಿತು. ಕೊನೆಯ ಸಾಲು ಭಾನುವಾರ ಬೆಳಿಗ್ಗೆ ಏಳು ನಲವತ್ತೆರಡು. ಸೋಮವಾರ ಇಲ್ಲ. ಮಂಗಳವಾರ ಇಲ್ಲ. ಬುಧವಾರ ಇಲ್ಲ. ಅಕ್ಕನಿಗೆ ಫೋನು ಮಾಡಿದೆ. ನೀವು ಕರೆ ಮಾಡುತ್ತಿರುವವರ ಫೋನು ಸ್ವಿಚ್ ಆಫ್ ಆಗಿದೆ ಅಂತ ಒಂದು ಹೆಣ್ಣು ದನಿ ಬಹಳ ಮರ್ಯಾದೆಯಿಂದ ಹೇಳಿತು.

ಯಜಮಾನರಿಗೆ ಏನು ಹೇಳಿದೆನೋ ನೆನಪಿಲ್ಲ. ಬಸ್ಸು ಸೇತುವೆಯ ಹತ್ತಿರ ವಾಹನಗಳ ಸಾಲಿಗೆ ಸಿಕ್ಕಿಕೊಂಡಿತು. ಇಳಿದು ಓಡಿದೆ. ಅಮ್ಮನಿಗೆ ಹೇಳಬೇಕಿತ್ತು, ಹೇಳಲಿಲ್ಲ, ಧೈರ್ಯ ಸಾಲಲಿಲ್ಲ. ಓಡುತ್ತಾ ನನ್ನ ಹಾಳು ತಲೆ ಲೆಕ್ಕ ಹಾಕುತ್ತಿತ್ತು: ಸೋಮವಾರ ಬೆಳಿಗ್ಗೆಯಿಂದ ಗುರುವಾರ ಹನ್ನೊಂದರ ತನಕ ಎಷ್ಟು ಗಂಟೆ, ನೀರಿಲ್ಲದೆ ಮನುಷ್ಯ ಎಷ್ಟು ಗಂಟೆ. ಕಟ್ಟಡದ ಬಾಗಿಲಲ್ಲಿ ಯಾರೋ ಸೈಕಲ್ಲು ಒರಗಿಸಿದ್ದರು, ಅದನ್ನು ಬೀಳಿಸಿಕೊಂಡೇ ಮೆಟ್ಟಿಲು ಹತ್ತಿದೆ. ಮೊದಲ ಮಹಡಿಯಲ್ಲಿ ಯಾರೋ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಎರಡನೆಯದರಲ್ಲಿ ರೇಡಿಯೋ. ಮೂರನೆಯದರಲ್ಲಿ ಏನೂ ಸದ್ದಿರಲಿಲ್ಲ. ಟೀಚರ್ ಮನೆಗೆ ಬೀಗ. ಅಕ್ಕನ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು.

ಬಡಿದೆ. ಅಕ್ಕಾ ಅಕ್ಕಾ ಅಂತ ಕೂಗಿದೆ. ಕಿವಿಯನ್ನು ಹಲಗೆಗೆ ಒತ್ತಿ ಹಿಡಿದೆ. ಹೊಲಿಗೆ ಯಂತ್ರದ ಸದ್ದಿಲ್ಲ, ನಲ್ಲಿಯ ಸದ್ದಿಲ್ಲ. ಬಾಗಿಲು ಒಡೆಯಲು ಭುಜ ಕೊಟ್ಟು ಹಿಂದೆ ಸರಿದೆ. ಆಗ ಒಳಗೆ ಚಪ್ಪಲಿ ಎಳೆಯುವ ಸದ್ದು ಕೇಳಿಸಿತು, ಬಹಳ ನಿಧಾನ. ಚಿಲಕ ಸರಿಯಿತು.

ಅಕ್ಕ ನಿಂತಿದ್ದಳು. ಬದುಕಿದ್ದಳು. ನನ್ನ ಬಾಯಿಂದ ನಗುವೋ ಅಳುವೋ ಏನೋ ಒಂದು ಹೊರಟಿತು, ಆಮೇಲೆ ಅವಳ ಮುಖ ನೋಡಿ ಅರ್ಧಕ್ಕೆ ನಿಂತಿತು. ಎಡಗೆನ್ನೆ ಹಣೆಯ ತನಕ ಕಪ್ಪಗೆ ಕಂದಿತ್ತು. ಕೆಳತುಟಿ ಸೀಳಿ ಒಣಗಿತ್ತು. ಬಲಗೈಯನ್ನು ಬಿಳಿ ಪಟ್ಟಿಯಲ್ಲಿ ಕುತ್ತಿಗೆಗೆ ತೂಗುಹಾಕಿದ್ದರು.

"ಬಂದ್ಯಾ?" ಅಂದಳು. "ಬಾ, ಕೂತ್ಕೋ. ನೀರು ಬೇಕಾದ್ರೆ ನೀನೇ ತಗೋ, ನನಗೆ ಆಗಲ್ಲ."

ಶುಕ್ರವಾರ ಬಂದ ಬಟ್ಟೆಗಳು ಅರ್ಧ ತಿದ್ದಿದ ಹಾಗೆಯೇ ಬಿದ್ದಿದ್ದವು. ಅವಳು ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಳು. ನಾನು ನೆಲದ ಮೇಲೆ ಕೂತೆ. ಕೇಳುವ ಮುಖ ನನಗಿರಲಿಲ್ಲ. ಅವಳೇ ಹೇಳಿದಳು, ಯಾರದೋ ಬಟ್ಟೆಯ ಅಳತೆ ಹೇಳುವಷ್ಟು ತಣ್ಣಗೆ.

"ಸೋಮವಾರ ಏಳಕ್ಕೇ ಬಂತು. ಇಲ್ಲೇ, ಈ ಮೇಜಿನ ಮೂಲೆಗೆ ಬಿದ್ದೆ. ಎಚ್ಚರ ಆದಾಗ ಭುಜ ಕಿತ್ತು ಬಂದಿತ್ತು, ಅಲ್ಲಾಡೋಕೆ ಆಗ್ತಿರಲಿಲ್ಲ. ನಾಲಿಗೆ ಕಚ್ಕೊಂಡು ಬಾಯೆಲ್ಲ ರಕ್ತ. ಫೋನು ಮಂಚದ ಮೇಲೆ. ಎಂಟಕ್ಕೆ ಟೀಚರ್ ಬಾಗಿಲು ಹಾಕಿದ್ದು ಕೇಳಿಸ್ತು. ಕೂಗೋಣ ಅಂದ್ರೆ ಸ್ವರ ಹೊರಡಲಿಲ್ಲ. ನನ್ನ ಬಾಗಿಲ ಮುಂದೆ ಒಂದು ಗಳಿಗೆ ನಿಂತ್ರು ಕಣೋ ಅವರು. ಆಮೇಲೆ ಇಳಿದು ಹೋದ್ರು."

ನಾನು ಅಂಗೈಯಿಂದ ಬಾಯಿ ಮುಚ್ಚಿಕೊಂಡೆ.

"ಸರಿ, ಒಂಬತ್ತಕ್ಕೆ ನನ್ನ ತಮ್ಮ ಬರ್ತಾನೆ ಅಂದ್ಕೊಂಡೆ. ಗಡಿಯಾರ ಕಾಣೋ ಹಾಗೇ ಬಿದ್ದಿದ್ದೆ, ಅದೊಂದು ಪುಣ್ಯ. ಒಂಬತ್ತಾಯ್ತು. ಬಸ್ಸು ಸಿಕ್ಕಿಲ್ಲವೇನೋ ಅಂದ್ಕೊಂಡೆ. ಹತ್ತಾಯ್ತು. ಹನ್ನೊಂದಕ್ಕೆ ನಿನಗೂ ಅಮ್ಮಂಗೂ ಏನೋ ಆಗಿದೆ ಅಂತ ಹೆದರಿಕೆ ಶುರುವಾಯ್ತು. ನಿಮ್ಮಿಬ್ಬರಿಗೋಸ್ಕರ ಅತ್ತೆ. ಎರಡು ಗಂಟೆಗೆ ಹೇಗೋ ತೆವಳಿಕೊಂಡು ಎದ್ದು, ಒಬ್ಬಳೇ ಮೆಟ್ಟಿಲಿಳಿದು, ಆ ತಿರುವಿನಲ್ಲಿರೋ ಮೂಳೆ ಡಾಕ್ಟರ ಹತ್ತಿರ ಹೋದೆ."

"ಒಂದು ಫೋನು ಮಾಡಬಾರದಿತ್ತಾ ಅಕ್ಕ?"

"ಕರೆದ್ರೆ ಬರ್ತಿದ್ರಿ, ಗೊತ್ತು. ಕರೀದೇ ಇದ್ರೆ ಬರ್ತೀರಾ ಅಂತ ನೋಡಬೇಕಿತ್ತು." ಅವಳ ಕಣ್ಣು ಆಗ ತುಂಬಿತು. "ಫೋನು ಆಫ್ ಮಾಡಿಟ್ಟೆ. ಮಂಗಳವಾರ ಒಂಬತ್ತಕ್ಕೆ ಬಾಗಿಲು ನೋಡ್ತಾ ಕೂತೆ. ನಿನ್ನೆನೂ ಕೂತೆ. ಇವತ್ತು ಕೂತಿರಲಿಲ್ಲ, ಅದಕ್ಕೇ ತೆಗೆಯೋದು ತಡ ಆಯ್ತು."

ನಾನು ಎಲ್ಲವನ್ನೂ ಹೇಳಿದೆ. ಸೋಮಾರಿ ಪುಟ, ಎಬ್ಬಿಸುವ ಸೇವೆ, ಐದು ಹತ್ತು. ಹೇಳುತ್ತಾ ಹೇಳುತ್ತಾ, ಒಂದೇ ಸಾಲು ತಿದ್ದಿದರೆ ಸರಿಹೋಗುತ್ತದೆ ಅಂತಲೂ ಹೇಳಿಬಿಟ್ಟೆ. ಆ ಮಾತು ಬಾಯಿಂದ ಬಿದ್ದಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಕ್ಕ ಎಡಗೈ ಚಾಚಿದಳು. ಫೋನು ಕೊಟ್ಟೆ. ನಾವು ನೋಡುವ ಪುಟವನ್ನು ಅವಳು ಇದುವರೆಗೆ ನೋಡಿರಲಿಲ್ಲ. ಹಸಿರು ವೃತ್ತ, ಅದರ ಕೆಳಗೆ ಅಮ್ಮನ ಖುಷಿಗೆ ಅಂತ ನಾನು ಬರೆದಿದ್ದ ಎರಡು ಪದ: ಅಕ್ಕ ಆರಾಮ.

"ಇದು ನಾನು ಸತ್ತಿದ್ರೂ ಹೀಗೇ ಇರ್ತಿತ್ತಾ?"

"ಹೂಂ."

"ಎಷ್ಟು ದಿನ?"

"ತಿಂಗಳ ಮಿತಿ ಮುಗಿಯೋವರೆಗೆ," ಅಂದೆ. ಸುಳ್ಳು ಹೇಳುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. "ಒಂದನೇ ತಾರೀಕು ಮತ್ತೆ ಶುರುವಾಗ್ತಿತ್ತು."

ಅಕ್ಕ ಮತ್ತೆ ಆ ವೃತ್ತವನ್ನು ನೋಡಿದಳು. ನಾನು ಫೋನು ಕೊಡು, ಅದನ್ನು ಅಳಿಸಿ ಹಾಕುತ್ತೇನೆ ಅಂದೆ.

"ಆಮೇಲೆ ಅಳಿಸುವೆಯಂತೆ. ಮೊದಲು ಅಮ್ಮಂಗೆ ಹೇಳು. ನನ್ನೆದುರಿಗೇ ಹೇಳು."

ಅವಳು ವಾಪಸು ಕೊಟ್ಟ ಫೋನಿನಲ್ಲಿ ಸ್ಪೀಕರ್ ಹಾಕಿ ಅಮ್ಮನಿಗೆ ಕರೆ ಮಾಡಿದೆ. ಎರಡನೇ ರಿಂಗಿಗೇ ಎತ್ತಿದಳು. ಬಟ್ಟೆ ಒಗೆಯುತ್ತಿದ್ದಳೇನೋ, ಹಿಂದೆ ನೀರಿನ ಸದ್ದಿತ್ತು.

"ಅಮ್ಮ," ಅಂದೆ, "ಅಕ್ಕಂಗೆ ಫಿಟ್ಸ್ ಬಂದಿತ್ತು. ಸೋಮವಾರ ಬೆಳಿಗ್ಗೆ. ಭುಜಕ್ಕೆ ಏಟಾಗಿದೆ."

"ಸೋಮವಾರನಾ? ಇಲ್ವಲ್ಲೋ," ಅಂದಳು ಅಮ್ಮ. ದನಿಯಲ್ಲಿ ಗಾಬರಿ ಇರಲಿಲ್ಲ. "ಯಾರು ಹೇಳಿದ್ರು ನಿಂಗೆ? ಸೋಮವಾರ ಚೆನ್ನಾಗಿದ್ಲು."

"ಇಲ್ಲಮ್ಮ, ನಾನು ಹೇಳೋದು ಕೇಳು, ಅವಳು ಏಳು ಗಂಟೆ ಹೊತ್ತು ನೆಲದ ಮೇಲೆ..."

"ಸುಮ್ಮನೆ ಏನೇನೋ ಹೇಳಿ ಹೆದರಿಸಬೇಡ ಕಣೋ. ನಾನೇ ಕಣ್ಣಾರೆ ನೋಡಿದೀನಿ. ಬೇಕಾದ್ರೆ ಇವತ್ತೂ ನೋಡು, ಆರಾಮಾಗಿದಾಳೆ."

ಅಕ್ಕ ನನ್ನ ಕೈಯಿಂದ ಫೋನನ್ನು ಇಸಿದುಕೊಂಡು ಸೀಳಿದ ತುಟಿಯ ಹತ್ತಿರ ಹಿಡಿದಳು.

"ಅಮ್ಮ, ನಾನಮ್ಮ ಮಾತಾಡ್ತಿರೋದು," ಅಂದಳು. "ನನ್ನ ಮಾತು ಸ್ವಲ್ಪ ಕೇಳು."