ರೆಲಿಕ್ಟ್ ಎಂದು ಕೆತ್ತಿಸಿಕೊಂಡ ಕಲ್ಲು

ನನ್ನನ್ನು ಬಾದಾಮಿ ಕಡೆಯ ಗಣಿಯಿಂದ ಎಬ್ಬಿಸಿದ್ದಕ್ಕೆ ಆರು ರೂಪಾಯಿ. ಬೆಟಗೇರಿಯವರೆಗೆ ಬಂಡಿ ಬಾಡಿಗೆ ನಾಲ್ಕು. ಮೈ ತಿಕ್ಕಿ ನುಣುಪು ಮಾಡಲು ಎರಡು. ಕೆತ್ತನೆಗೆ ಅಕ್ಷರಕ್ಕೆ ನಾಲ್ಕಾಣೆ. ಯಾರಿಗಾಗಿ ಇಷ್ಟೆಲ್ಲ ಖರ್ಚಾಯಿತೋ ಆ ಹೆಂಗಸಿನ ಹೆಸರಿಗೆ ಮಾತ್ರ ಬಿಡಿಗಾಸೂ ಬೀಳಲಿಲ್ಲ. ಕೆತ್ತಿಸಿದ್ದರೆ ತಾನೆ ಬೀಳುವುದು?

ನಾನೊಂದು ಗೋರಿಕಲ್ಲು. ಕೆಂಪು ಮೈ, ಮೆದು ಜಾತಿ. ಉಳಿಯ ಪೆಟ್ಟಿಗೆ ಬೇಗ ಒಗ್ಗುತ್ತೇನೆಂದು ನನ್ನಂಥವರನ್ನು ಆರಿಸುತ್ತಾರೆ. ನನ್ನ ಜೊತೆ ಎದ್ದ ಕಲ್ಲುಗಳು ಹೊಸ್ತಿಲಾದವು, ಬಟ್ಟೆ ಒಗೆಯುವ ಬಂಡೆಯಾದವು. ಅವುಗಳ ಪಾಲಿಗೆ ಕೆಲಸ ಬಂತು. ನನ್ನ ಪಾಲಿಗೆ ಸಿಟ್ಟು.

ನನ್ನನ್ನು ಕೆತ್ತಿದವನು ಕಾಳಪ್ಪ ಪತ್ತಾರ. ಅವನ ಅಂಗಳಕ್ಕೆ ಒಂದು ದಿನ ಕ್ರೈಸ್ತ ಸಭೆಯ ಹಿರಿಯ ಸೊಲೊಮೋನಪ್ಪ ಬಂದ. ನಾನು ನೆಲದ ಮೇಲೆ ಮಲಗಿದ್ದೆ. ಕಂಡದ್ದು ಅವನ ಚಪ್ಪಲಿ ಮತ್ತು ಊರುಗೋಲು.

"ರಾಹೇಲವ್ವಗ ಕಲ್ಲು ಇಡಬೇಕು, ಕಾಳಪ್ಪ. ಇಂಗ್ಲಿಷಿನಾಗ ಇರಲಿ. ಮರ್ಯಾದಿ ಇರತೈತಿ."

"ನನಗ ಇಂಗ್ಲಿಷ್ ಬರಂಗಿಲ್ರೀ."

"ನೀ ಓದೂದು ಯಾಕ? ಸ್ಮಶಾನದಾಗ ಬಿಳೇ ದೊರೆಸಾನಿ ಕಲ್ಲು ಐತಿ. ಹಂಗ ಕೆತ್ತು. ಗಂಡನ ಹೆಸರಷ್ಟ ಬದಲಿ ಮಾಡು, ನಾ ಬರದು ಕೊಡತೀನಿ."

ರಾಹೇಲವ್ವ ಬೆಟಗೇರಿಯ ನೇಕಾರರ ಓಣಿಗಳಲ್ಲಿ ಜೀವಮಾನವೆಲ್ಲ ಹೆರಿಗೆ ಮಾಡಿಸಿದ ಸೂಲಗಿತ್ತಿ. ಗಂಡ ಇಮಾನುವೇಲ ತೀರಿಕೊಂಡು ಬಹಳ ಕಾಲವಾಗಿತ್ತು. ಅವನೂ ಸಭೆಯ ಹಿರಿಯನಾಗಿದ್ದ, ದೊಡ್ಡ ದನಿಯಲ್ಲಿ ಹಾಡುತ್ತಿದ್ದ ಎಂಬುದಷ್ಟೇ ಊರಿಗಿದ್ದ ನೆನಪು. ಕಾಳಪ್ಪ ದೊರೆಸಾನಿಯ ಕಲ್ಲಿನಿಂದ ಇದ್ದಿಲಲ್ಲಿ ಅಕ್ಷರ ಇಳಿಸಿಕೊಂಡು ಬಂದ. ನನ್ನ ಹಣೆಯ ಮೇಲೆ ಆಳವಾಗಿ, ಅಂದವಾಗಿ ಕೆತ್ತಿದ: "ರೆಲಿಕ್ಟ್ ಆಫ್ ಇಮಾನುವೇಲ್ ಜಯವಂತ್, ಸಭೆಯ ಹಿರಿಯ." ಎಲ್ಲ ಇಂಗ್ಲಿಷಿನಲ್ಲಿ. ನನ್ನನ್ನು ತಂದು ರಾಹೇಲವ್ವನ ತಲೆಯ ಹತ್ತಿರ ನೆಟ್ಟರು. ಸೊಲೊಮೋನಪ್ಪ ದೂರ ನಿಂತು ನೋಡಿ, "ಭಾಳ ಚಂದ ಆತು" ಎಂದ.

ಮರುವರ್ಷ ಒಂದು ಮುಂಜಾನೆ ತುಳಜವ್ವ ಬಂದಳು. ನೇಕಾರರ ಹೆಣ್ಣುಮಗಳು. ಕೈಯಲ್ಲಿ ಹೊಸ ಕುಬಸದ ಖಣ, ಅರಿಶಿನ ಹಚ್ಚಿದ್ದು. ಅವರ ಓಣಿಯಲ್ಲಿ ಒಂದು ರೂಢಿ: ಮಗಳ ಮದುವೆಗೆ ಬಟ್ಟೆ ತೆಗೆದಾಗ ಮೊದಲ ಖಣ ಆ ಮಗಳ ಹೊಕ್ಕಳಬಳ್ಳಿ ಕೊಯ್ದವಳಿಗೆ. ಸೂಲಗಿತ್ತಿ ಸತ್ತಿದ್ದರೂ ಅವಳ ಪಾಲು ಅವಳಿಗೇ.

ಅವಳು ಸಾಲು ಸಾಲು ನೋಡುತ್ತ ಬಂದಳು. ನನ್ನ ಮುಂದೆ ನಿಂತಳು. ಇಂಗ್ಲಿಷ್ ಕಂಡು ಯಾವನೋ ಸಾಹೇಬನ ಕಲ್ಲೆಂದುಕೊಂಡು ಮುಂದೆ ಹೋದಳು. ಇವಳೇ, ಇಲ್ಲೇ ಎಂದು ಕೂಗಲು ನನಗೆ ಬಾಯಿದೆಯೇ? ಬಾಯಿ ಕೊಡಬೇಕಾದವರು ಬಾಯಿ ತುಂಬ ಬೇರೆಯವರ ಹೆಸರು ತುರುಕಿದ್ದರು. ಮೂಲೆಯಲ್ಲಿ ಕನ್ನಡದಲ್ಲಿ "ರಾಹೇಲ" ಎಂದು ಬರೆದ ಒಂದು ಪುಟ್ಟ ಕಲ್ಲಿತ್ತು. ತುಳಜವ್ವ ಅಲ್ಲಿ ಕೂತಳು, ಖಣ ಇಟ್ಟಳು, ಕಣ್ಣೊರೆಸಿಕೊಂಡಳು.

ಆಗ ಅಯ್ಯನವರು ಬಂದರು. ಸಭೆಗೆ ಹೊಸದಾಗಿ ಬಂದ ಪಾದ್ರಿ.

"ಯಾರನ್ನ ಹುಡುಕಾಕತ್ತೀರಿ ತಾಯಿ? ಅದು ಕೂಸಿನ ಗೋರಿ. ವರ್ಷದ ಕೂಸು."

ತುಳಜವ್ವ ಎದ್ದು ನಿಂತಳು. "ಹಂಗಾರ ನಮ್ಮ ರಾಹೇಲವ್ವ ಎಲ್ಲಿ?"

ಅಯ್ಯನವರು ನನ್ನ ಕಡೆ ತೋರಿಸಿದರು. ಅವಳು ಖಣದ ಕಡೆ ನೋಡಿದಳು. "ಕೊಟ್ಟದ್ದು ಹಿಂದ ತಗೊಳ್ಳಾಕ ಬರಂಗಿಲ್ಲ. ಅದು ಆ ಕೂಸಿಗೇ ಇರಲಿ." ಆಮೇಲೆ ನನ್ನ ಮುಂದೆ ಬಂದು, "ಇದರಾಗ ಆಕಿ ಹೆಸರು ಎಲ್ಲೈತಿ? ಓದ್ರಿ" ಎಂದಳು.

"ಹೆಸರಿಲ್ಲ. ರೆಲಿಕ್ಟ್ ಅಂತೈತಿ."

"ಹಂಗಂದ್ರ?"

ಅಯ್ಯನವರು ಮುಜುಗರದಿಂದ ಹೇಳಿದರು. ಹಳೇ ಲ್ಯಾಟಿನ್ ಮಾತಿನಿಂದ ಬಂದದ್ದು, ಬಿಟ್ಟುಹೋದದ್ದು ಎಂದು ಅರ್ಥ. ಸಂತರ ಎಲುಬು, ಹರಕು ಬಟ್ಟೆಗಳನ್ನು ಬೆಳ್ಳಿ ಪೆಟ್ಟಿಗೆಯಲ್ಲಿಟ್ಟು ಮುತ್ತಿಡುತ್ತಾರಲ್ಲ, ಅವುಗಳ ಹೆಸರೂ ಅದೇ ಬೇರಿನದು. ಗಂಡ ಸತ್ತವಳನ್ನೂ ಇಂಗ್ಲೆಂಡಿನ ಚರ್ಚಿನಂಗಳದ ಕಲ್ಲುಗಳ ಮೇಲೆ ಹಾಗೆ ಕರೆದರು: ಇಂಥವನು ಬಿಟ್ಟುಹೋದವಳು. ಈಗ ಅಲ್ಲಿಯೂ ಯಾರೂ ಆ ಮಾತು ಆಡುವುದಿಲ್ಲ.

"ಅಂದ್ರ ಉಂಡು ಉಳಿದ ಅನ್ನ ಇದ್ದಂಗ?"

ಒಂದೇ ಬೇರು! ಸತ್ತವನ ಎಲುಬಿಗೆ ಮುತ್ತು, ಬದುಕಿದ ಹೆಂಗಸಿಗೆ ಎಂಜಲಿನ ಹೆಸರು. ಅದನ್ನು ನನ್ನ ಹಣೆಯ ಮೇಲೆ ಬರೆಸಿ ಮರ್ಯಾದೆ ಎಂದರಲ್ಲ!

ಅಷ್ಟರಲ್ಲಿ ಊರುಗೋಲಿನ ಸದ್ದು. ಸೊಲೊಮೋನಪ್ಪ.

"ಏನ್ರೀ ಹಿರ್‍ಯಾರ," ತುಳಜವ್ವ ಅಡ್ಡ ನಿಂತಳು, "ನನ್ನ ಎರಡು ಮಕ್ಕಳನ್ನ ಉಳಿಸಿದಾಕಿನ್ನ ಉಳಿದಾಕಿ ಅಂತ ಬರಸೀರಿ?"

"ಇದು ನಮ್ಮ ಸಭೆದ ಮಾತು. ನಿಂದೇನು ಸಂಬಂಧ ಇದರಾಗ?"

"ನೀವೂ ಅಳಕೋತ ಬಂದದ್ದು ಯಾವುದೋ ಸೂಲಗಿತ್ತಿ ಕೈಯಾಗ. ಅಕಿ ಕೇಳಿದ್ಳೇನು, ಯಾವ ಸಭೆದಂವ ಅಂತ?"

ಸೊಲೊಮೋನಪ್ಪನ ಕಿವಿ ಕೆಂಪಾಯಿತು. "ದೊರೆಸಾನಿ ಕಲ್ಲಿನ ಮ್ಯಾಲ ಹೆಂಗೈತೋ ಹಂಗ ಬರಸೀವಿ. ಅಕಿ ಹೆಸರೂ ಇಲ್ಲ ಅಲ್ಲಿ. ನೋಡ ಹೋಗು!"

ಮೂವರೂ ಹೋಗಿ ನೋಡಿದರು. ಅದೂ ನನ್ನ ಜಾತಿಯದೇ ಕಲ್ಲು. ತಲೆ ಕಡೆ ಪದರು ಕಿತ್ತು ಬೋಳಾಗಿತ್ತು. ಅಯ್ಯನವರು ಬುಡದ ಹುಲ್ಲು ಸರಿಸಿ ಒಂದು ಚಕ್ಕೆ ಎತ್ತಿದರು. ಮಣ್ಣೊರೆಸಿ ಓದಿದರು: "ಹ್ಯಾರಿಯೆಟ್."

"ಅಂದ್ರ... ಹೆಸರಿತ್ತಾ?" ಎಂದ ಸೊಲೊಮೋನಪ್ಪ.

ಇತ್ತು. ಉದುರಿ ಬಿದ್ದಿತ್ತು. ಉದುರಿದ ಮೇಲೆ ಉಳಿದದ್ದನ್ನೇ ಪದ್ಧತಿ ಎಂದುಕೊಂಡು ನನ್ನ ಮೇಲೆ ಇಳಿಸಿದ್ದರು. ಮಳೆ ಒಬ್ಬಳಿಗೆ ಮಾಡಿದ ಅನ್ಯಾಯವನ್ನು ಮನುಷ್ಯರು ದುಡ್ಡು ಕೊಟ್ಟು ಇನ್ನೊಬ್ಬಳಿಗೆ ಮಾಡಿಸಿದರು.

ಕಾಳಪ್ಪ ಮತ್ತೆ ಬಂದ. "ಮ್ಯಾಲ ಜಾಗಾ ಇಲ್ಲ. ಹೆಸರು ಬುಡದಾಗ ಕೂರಸ್ತೀನಿ" ಎಂದು ಗೊಣಗುತ್ತ ನೆಲದ ಮೇಲೆ ಅಡ್ಡಬಿದ್ದು, ಮಗ್ಗುಲಾಗಿ ಕೆತ್ತಿದ. ಕೈ ಆಡದ ಜಾಗ, ಅಕ್ಷರ ಆಳವಾಗಲಿಲ್ಲ. ಕೂಲಿ ಸೊಲೊಮೋನಪ್ಪ ಕೊಡಲು ಬಂದ. ತುಳಜವ್ವ ಬೇಡವೆಂದು ತಾನೇ ಕೊಟ್ಟಳು.

ಈಗ ಅವರಾರೂ ಇಲ್ಲ. ನನಗೂ ಮುಪ್ಪು; ಒಂದು ಕಡೆ ವಾಲಿದ್ದೇನೆ. ಮಣ್ಣು ವರ್ಷವರ್ಷ ಏರುತ್ತಿದೆ. ಆಳವಾಗಿ ಕೆತ್ತಿದ ಆ ಇಂಗ್ಲಿಷ್ ಮಾತು ಹಣೆಯ ಮೇಲೆ ಗಟ್ಟಿಯಾಗಿದೆ, ದೂರದಿಂದಲೂ ಕಾಣುತ್ತದೆ. ಹೆಸರು ಓದಬೇಕಾದವರು ಮೊಣಕಾಲೂರಿ ಹುಲ್ಲು ಸರಿಸಬೇಕು. ನೇಕಾರರ ಓಣಿಯಿಂದ ಎಂದೋ ಒಬ್ಬರು ಬಂದು ಸರಿಸುತ್ತಾರೆ. ನನ್ನ ಸಿಟ್ಟು ಇಳಿದಿಲ್ಲ.

ಹೋದದ್ದು ಆ ಖಣ. ಅದು ರಾಹೇಲವ್ವನನ್ನು ಮುಟ್ಟಲೇ ಇಲ್ಲ. ದಕ್ಕಿದ್ದು, ಕಾಲಬುಡದಲ್ಲಿ, ಕನ್ನಡದಲ್ಲಿ, ಎರಡು ಮಾತು: ಸೂಲಗಿತ್ತಿ ರಾಹೇಲವ್ವ.